ಯಾವ ಎಂಜಿನ್ ಬಂದರೂ ಕೈಮರ ಒಂದೇ

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವಾಗ ‘ಸೆಮಾಫೋರ್’ ಅನ್ನೋದನ್ನ ಪರೀಕ್ಷೆಗಂತ ಬಾಯಿಪಾಠ ಮಾಡಿದ್ದೆ. ಅದು ರೈಲ್ವೆ ಕೈಮರದ ಹೆಸರು ಅಂತ ಗೊತ್ತಾಗಿದ್ದು ಪತ್ರಕರ್ತನಾದ ಮೇಲೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರೋ ಊರಲ್ಲಿ ಓದಿದವನ ಕಥೆ ನೋಡ್ರಿ ಇದು!

ಆ ಹೆಸರನ್ನು ಕಂಪ್ಯೂಟರಿಗೆ ತಂದವರು ಎಡ್ಸ್‌ಗರ್ ಡೈಕ್‌ಸ್ಟ್ರಾ. ಹುಟ್ಟಿದ್ದು 1930ರಲ್ಲಿ, ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ. 1952ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆದರು. 1957ರಲ್ಲಿ ಮದುವೆ ನೋಂದಣಿಗೆ ಹೋದರೆ, ಅಂಥ ಉದ್ಯೋಗವೇ ಇಲ್ಲ ಅಂದರು ಅಧಿಕಾರಿಗಳು. ಭೌತವಿಜ್ಞಾನಿ ಅಂತ ಬರೆಸಬೇಕಾಯಿತು. ಅತಿ ಹತ್ತಿರದ ದಾರಿ ಹುಡುಕುವ ಅವರ ವಿಧಾನ ಪ್ರಕಟವಾಗಿದ್ದು 1959ರಲ್ಲಿ.

1965ರಲ್ಲಿ ಅವರು ಎತ್ತಿಕೊಂಡ ಪ್ರಶ್ನೆ ಬೇರೆ. ಏಕಕಾಲಕ್ಕೆ ಓಡುವ ಹಲವು ಪ್ರೋಗ್ರಾಂಗಳು ಒಂದೇ ವಸ್ತುವಿಗೆ ಕೈಹಾಕಿದರೆ ಏನು ಮಾಡೋದು? ಉತ್ತರಕ್ಕೆ ತಾವೇ ಒಂದು ಷರತ್ತು ಹಾಕಿಕೊಂಡರು: ಯಾವುದು ಎಷ್ಟು ವೇಗವಾಗಿ ಓಡುತ್ತದೆ ಅಂತ ಊಹಿಸುವಂತಿಲ್ಲ. ಒಂದೇ ಹಳಿಯ ದಾರಿಯಲ್ಲಿ ಒಂದು ಗಾಡಿ ಒಳಗಿದ್ದರೆ ಇನ್ನೊಂದು ಹೊರಗೆ ನಿಲ್ಲಬೇಕು. ಉಗಿಯದ್ದೋ, ಡೀಸೆಲ್‌ದೋ, ಕರೆಂಟಿನದೋ ಅಂತ ಕೈಮರ ಕೇಳೋದಿಲ್ಲ. ಪ್ರೋಗ್ರಾಂ ಸರಿಯೋ ತಪ್ಪೋ ಅನ್ನೋದು ಹಾಗೇ ತರ್ಕದಿಂದ ತೀರ್ಮಾನವಾಗಬೇಕು, ಯಂತ್ರದಿಂದಲ್ಲ.

1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 1984ರಲ್ಲಿ ಅಮೆರಿಕದ ಆಸ್ಟಿನ್‌ಗೆ, ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ಜಯದೇವ ಮಿಶ್ರಾ, ಮಣಿ ಚಾಂಡಿ ಜೊತೆ ಸೇರಿ 1988ರಲ್ಲಿ ಬರೆದ ಪುಸ್ತಕ ಈ ಮಾತನ್ನು ಇನ್ನೂ ಮುಂದಕ್ಕೆ ಒಯ್ದಿತು: ಏನು ಆಗಬೇಕು ಅನ್ನೋದನ್ನ ಮೊದಲು ಬರೆಯಿರಿ, ಯಾವ ಯಂತ್ರದ ಮೇಲೆ ಅನ್ನೋದನ್ನ ಆಮೇಲೆ ನೋಡಿ. ಇಬ್ಬರೂ ಭಾರತದ ಐಐಟಿಗಳಲ್ಲಿ ಓದಿದವರು.

ಅದೇ ದಶಕದಲ್ಲಿ, 1986ರಲ್ಲಿ, ಬೆಂಗಳೂರಿನ ಎನ್‌ಎಎಲ್ ಹಲವು ಪ್ರೊಸೆಸರ್‌ಗಳನ್ನು ಜೋಡಿಸಿ ‘ಫ್ಲೋಸಾಲ್ವರ್’ ಕಟ್ಟಿತು. ದೊಡ್ಡ ಯಂತ್ರಕ್ಕೆ ಅಮೆರಿಕದ ಅನುಮತಿ ಕಾಯಬೇಕಿದ್ದ ಕಾಲವದು. ಯಂತ್ರ ಯಾರ ಕೈಯಲ್ಲಿದೆ ಅನ್ನೋದು ರಾಜಕೀಯವೇ.

ಡೈಕ್‌ಸ್ಟ್ರಾ ತೀರಿಕೊಂಡದ್ದು 2002ರ ಆಗಸ್ಟ್ 6ರಂದು. ಇವತ್ತು ಎಐ ಅಂದರೆ ಒಂದೇ ಕಂಪನಿಯ ಚಿಪ್ ಅನ್ನೋ ಸ್ಥಿತಿ. ವೇಗ ಬೇಕಾದರೆ ಯಂತ್ರಕ್ಕೆ ತಕ್ಕಂತೆ ಬರೀಲೇಬೇಕು, ಒಪ್ಪುತ್ತೇನೆ. ಆದರೆ ವಿಚಾರವೂ ಅದಕ್ಕೇ ಅಂಟಿಕೊಂಡರೆ ಕಂಪನಿ ಹೇಳಿದ್ದೇ ರೇಟು. ನಾಳೆ ಸರ್ಕಾರ ನಿಮ್ಮ ಕಾಲೇಜಿಗೆ ಎಐ ಲ್ಯಾಬ್ ಕೊಡ್ತೀವಿ ಅಂದಾಗ, ಚಿಪ್ ಎಷ್ಟು ಅಂತಷ್ಟೇ ಕೇಳಬೇಡಿ. ಚಿಪ್ ಬದಲಾದರೆ ನಾವು ಬರೆದದ್ದು ಓಡುತ್ತದಾ ಅಂತಲೂ ಕೇಳಿ.