ಹಸುಗೂಸುಗಳ ನಂಜನ್ನು ಗುರುತಿಸಿದ ಸೆಮ್ಮೆಲ್ವೈಸ್

ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿಯರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಜ್ವರ ಅವರ ಹಸುಗೂಸುಗಳನ್ನೂ ಬಿಡುತ್ತಿರಲಿಲ್ಲ. ಎರಡೂ ಸಾವುಗಳ ಮೂಲ ಒಂದೇ ಎಂದು ಸಾಧಿಸಲು ಹೊರಟವರು ಹಂಗೆರಿಯ ವೈದ್ಯ ಇಗ್ನಾಜ್ ಸೆಮ್ಮೆಲ್ವೈಸ್.

1818ರ ಜುಲೈ 1ರಂದು ಬುಡಾ ನಗರದ ದಿನಸಿ ವರ್ತಕರ ಮನೆಯಲ್ಲಿ ಜನಿಸಿದ ಅವರು, ಕಾನೂನು ಅಭ್ಯಾಸ ಬಿಟ್ಟು ವೈದ್ಯ ಶಿಕ್ಷಣಕ್ಕೆ ಬಂದವರು. 1846ರಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯ ಒಂದನೇ ಹೆರಿಗೆ ವಿಭಾಗದಲ್ಲಿ ಸಹಾಯಕರಾದರು. ಅಲ್ಲಿ ಹೆರಿಗೆ ಮಾಡಿಸುತ್ತಿದ್ದವರು ವೈದ್ಯ ವಿದ್ಯಾರ್ಥಿಗಳು. ಎರಡನೇ ವಿಭಾಗದಲ್ಲಿ ಸೂಲಗಿತ್ತಿಯರು. ಆ ವರ್ಷ ಮೊದಲ ವಿಭಾಗದಲ್ಲಿ ಶೇ. 11.4ರಷ್ಟು ಬಾಣಂತಿಯರು ಸತ್ತರೆ, ಎರಡನೆಯದರಲ್ಲಿ ಸತ್ತವರು ಶೇ. 2.8 ಮಾತ್ರ. ಒಂದನೇ ವಿಭಾಗಕ್ಕೆ ಸೇರಿಸಬೇಡಿರೆಂದು ಗರ್ಭಿಣಿಯರು ಮೊಣಕಾಲೂರಿ ಬೇಡುತ್ತಿದ್ದರು.

ವಿಭಾಗದ ಅಪಕೀರ್ತಿಯಿಂದ ಹುಟ್ಟಿದ ಭಯವೇ ಸಾವಿಗೆ ಕಾರಣವೆಂಬ ವಾದವೂ ಇತ್ತು. ಇದನ್ನು ಮುರಿಯಲು ಸೆಮ್ಮೆಲ್ವೈಸ್ ಅವರಿಗೆ ನೆರವಾದದ್ದು ಶಿಶುಗಳು. ಸತ್ತ ಕೂಸುಗಳ ಶವಪರೀಕ್ಷೆಯಲ್ಲೂ ತಾಯಂದಿರ ದೇಹದಲ್ಲಿ ಕಂಡ ವಿಕಾರಗಳೇ ಕಾಣುತ್ತಿದ್ದವು. ಆಗತಾನೇ ಹುಟ್ಟಿದ ಮಗುವಿಗೆ ಆಸ್ಪತ್ರೆಯ ಅಪಕೀರ್ತಿ ತಿಳಿಯುವುದಾದರೂ ಹೇಗೆ? ಸರಳವೆನಿಸುವ ಈ ತರ್ಕವೇ ಅವರ ಚಿಂತನೆಯ ಶ್ರೇಷ್ಠ ಭಾಗವೆನ್ನಬಹುದು.

ಅಂದು ಶವದಲ್ಲಿ ಕಂಡ ಆ ನಂಜನ್ನು ಇಂದು ಜೀವಂತ ಶಿಶುವಿನಲ್ಲೇ ಬೇಗ ಪತ್ತೆಹಚ್ಚಲು ಯತ್ನಿಸಲಾಗುತ್ತದೆ. ಮಗು ಹಾಲು ಕುಡಿಯದಿರುವುದು, ಮುಟ್ಟಿದರಷ್ಟೇ ಮಿಸುಕುವುದು, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುವುದು, ಉಸಿರೆಳೆದಾಗ ಎದೆ ತೀರಾ ಒಳಸೇದುವುದು, ಫಿಟ್ಸ್, ಮೈ ಬಿಸಿ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಥವಾ 35.5ಕ್ಕಿಂತ ಕೆಳಗಿಳಿಯುವುದು ಅಪಾಯದ ಸೂಚನೆಗಳು. ಜ್ವರವಿಲ್ಲವೆಂದು ಸುಮ್ಮನಿರುವಂತಿಲ್ಲ, ಮೈ ತಣ್ಣಗಾಗುವುದೂ ಅಷ್ಟೇ ಗಂಭೀರ. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಸೆಮ್ಮೆಲ್ವೈಸ್ ಅವರಿಗೆ ಕಾರಣ ಹೊಳೆದದ್ದು 1847ರ ಮಾರ್ಚ್‌ನಲ್ಲಿ. ಸಹೋದ್ಯೋಗಿ ಯಾಕೋಬ್ ಕೊಲ್ಲೆಚ್ಕಾ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ಸತ್ತಾಗ, ಅವರ ದೇಹದಲ್ಲೂ ಅವೇ ಲಕ್ಷಣಗಳು ಕಂಡವು. ಶವ ಕೊಯ್ದ ಕೈಗಳೇ ಹೆರಿಗೆ ಕೋಣೆಗೆ ನಂಜು ಒಯ್ಯುತ್ತಿವೆಯೆಂದು ಅರಿತು, ಮೇ ತಿಂಗಳಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದರು. ಏಪ್ರಿಲ್‌ನಲ್ಲಿ ಶೇ. 18ನ್ನು ಮೀರಿದ್ದ ಬಾಣಂತಿಯರ ಸಾವು ಜುಲೈನಲ್ಲಿ ಶೇ. 1.2ಕ್ಕೆ ಕುಸಿಯಿತು.

ಆದರೂ ಹಿರಿಯರು ಒಪ್ಪಲಿಲ್ಲ. 1849ರಲ್ಲಿ ಹುದ್ದೆ ಮುಂದುವರಿಯಲಿಲ್ಲ. ಮರುವರ್ಷ ಅವರು ಪೆಸ್ಟ್ ನಗರಕ್ಕೆ ಮರಳಿದರು. ತಮ್ಮ ಸಂಶೋಧನೆಯನ್ನು ಪುಸ್ತಕವಾಗಿಸುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಸಂದಿದ್ದವು. ವಿರೋಧಿಗಳನ್ನು ಕೊಲೆಗಾರರೆಂದು ಜರಿದ ಬಹಿರಂಗ ಪತ್ರಗಳು ಅವರನ್ನು ಇನ್ನಷ್ಟು ಒಂಟಿಯಾಗಿಸಿದವು. 1865ರಲ್ಲಿ ವಿಯೆನ್ನಾ ಬಳಿಯ ಮಾನಸಿಕ ಚಿಕಿತ್ಸಾಲಯಕ್ಕೆ ದಾಖಲಾದ ಅವರು, ಎರಡೇ ವಾರಗಳಲ್ಲಿ, ಆಗಸ್ಟ್ 13ರಂದು, ಗಾಯದಿಂದ ನಂಜೇರಿ ನಿಧನರಾದರು. ಆಗ ಅವರಿಗೆ 47 ವರ್ಷ.