ತಂತಿವಾರ್ತೆಯ ಆದ್ಯಪುರುಷ ವಿಲಿಯಂ ಓಶಾನೆಸ್ಸಿ

ಮುಂಬಯಿ ಕಡೆಯ ರೈಲು ಹಾದಿಯೂ ಮದರಾಸು ಕಡೆಯ ರೈಲು ಹಾದಿಯೂ 1871ರಲ್ಲಿ ನಮ್ಮ ರಾಯಚೂರಿನಲ್ಲಿ ಬಂದು ಕೂಡಿದ ಸಂಗತಿ ವಾಚಕರಿಗೆ ವಿದಿತವೇ ಆಗಿದೆ. ಅದಕ್ಕೆ ಸುಮಾರು ಹದಿನೈದು ವರ್ಷ ಮುಂಚೆಯೇ ಆ ಎರಡು ಮಹಾನಗರಗಳನ್ನು ಬೆಂಗಳೂರಿನ ಮಾರ್ಗವಾಗಿ ತಂತಿಯು ಕೂಡಿಸಿತ್ತು. ಅದನ್ನು ಎಳೆಸಿದವರು ಇಂಜಿನಿಯರರಲ್ಲ, ಒಬ್ಬ ವೈದ್ಯರು.

ವಿಲಿಯಂ ಓಶಾನೆಸ್ಸಿ ಐರ್ಲೆಂಡಿನ ಲಿಮರಿಕ್ಕಿನಲ್ಲಿ 1809ರಲ್ಲಿ ಜನಿಸಿ, ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನು ಕಲಿತರು. ಕಾಲರಾ ರೋಗಿಯ ರಕ್ತದಲ್ಲಿ ನೀರೂ ಲವಣವೂ ಕುಗ್ಗುವುದನ್ನು ಇಪ್ಪತ್ತರ ಹರೆಯದಲ್ಲಿಯೇ ಕಂಡುಹಿಡಿದರು. ಇಂದು ರಕ್ತನಾಳಕ್ಕೆ ಉಪ್ಪುನೀರು ಏರಿಸುವ ಚಿಕಿತ್ಸೆಗೆ ಅದೇ ಮೂಲ. ಇಷ್ಟೊಂದೇ ಸಾಕಿತ್ತು, ಅವರ ಹೆಸರು ಉಳಿಯಲು. 1833ರಲ್ಲಿ ಕಲ್ಕತ್ತೆಗೆ ಬಂದು ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. 1839ರಲ್ಲಿ ಅಲ್ಲಿಯ ಸಸ್ಯೋದ್ಯಾನದಲ್ಲಿ ಮೈಲಿಗಟ್ಟಲೆ ತಂತಿ ಕಟ್ಟಿ, ಬೆರಳಿಗೆ ತಾಗುವ ವಿದ್ಯುತ್ತಿನ ಚುರುಕಿನಿಂದಲೇ ಸಂಕೇತಗಳನ್ನು ಗ್ರಹಿಸಿದರು. ಸರ್ಕಾರ ಆಗ ಅದಕ್ಕೆ ಕಿವಿಗೊಡಲಿಲ್ಲ.

ಡಾಲ್‌ಹೌಸಿಯ ಕಾಲದಲ್ಲಿ ಅವಕಾಶ ಒದಗಿತು. 1853ರ ನವೆಂಬರಿನಲ್ಲಿ ಆರಂಭವಾದ ಕಾರ್ಯವು 1854ರ ಮಾರ್ಚ್ 24ರಂದು ಆಗ್ರಾದಿಂದ ಕಲ್ಕತ್ತೆಗೆ ಎಂಟುನೂರು ಮೈಲಿ ಸುದ್ದಿ ಮುಟ್ಟಿಸಿತು. ಕಪಿಗಳೂ ಹಕ್ಕಿಗಳೂ ಕುಳಿತರೆ ತೆಳುತಂತಿ ತಾಳದೆಂದು ಓಶಾನೆಸ್ಸಿಯವರು ದಪ್ಪ ಕಬ್ಬಿಣದ ಸರಳುಗಳನ್ನೇ ಹೂಡಿದರು. 1855ರ ಫೆಬ್ರವರಿಯಲ್ಲಿ ತಂತಿಯು ಸಾರ್ವಜನಿಕರಿಗೂ ತೆರೆಯಿತು. ನಾನೂರು ಮೈಲಿಗೆ ಹದಿನಾರು ಶಬ್ದಕ್ಕೆ ಒಂದು ರೂಪಾಯಿ!

ಆದರೆ ತಂತಿ ಎಳೆದ ಮಾತ್ರಕ್ಕೆ ಸುದ್ದಿ ನೆಟ್ಟಗೆ ಮುಟ್ಟುವುದೇ? ಅವರೇ ರಚಿಸಿದ ಸೂಚಿಯಂತ್ರದಲ್ಲಿ ಮುಳ್ಳಿನ ಓಲಾಟವನ್ನು ಒಬ್ಬನು ಕಣ್ಣಿಟ್ಟು ನೋಡಿ ಅಕ್ಷರವನ್ನು ಗುರುತಿಸಬೇಕು. ಬಳಿಕ ಅದನ್ನು ಕೈಯಿಂದಲೇ ಮುಂದಿನ ಠಾಣೆಗೆ ಕಳುಹಬೇಕು. ಪ್ರತಿ ಠಾಣೆಯಲ್ಲೂ ವಿಳಂಬ, ಪ್ರತಿ ಕೈಯಲ್ಲೂ ತಪ್ಪು. ದೂರ ಹೆಚ್ಚಿದಷ್ಟೂ ದೋಷ ಹೆಚ್ಚಿತು. ತನ್ನ ಸೃಷ್ಟಿಯ ಮೇಲೆ ಯಾರಿಗೆ ಮೋಹವಿಲ್ಲ? ಓಶಾನೆಸ್ಸಿಯವರು ಆ ಮೋಹವನ್ನು ತೊರೆದರು. 1856ರ ಸುಮಾರಿಗೆ ಅವರು ಮೋರ್ಸ್ ಪದ್ಧತಿಯನ್ನು ಒಪ್ಪಿ, ಕಾಗದದ ಪಟ್ಟಿಯ ಮೇಲೆ ತಾನೇ ಗುರುತು ಬೀಳಿಸುವ ಯಂತ್ರಗಳನ್ನು ತರಿಸಿದರು. ಅವರ ಬಾಳಿನಲ್ಲಿ ನಾನು ದೊಡ್ಡದೆಂದೆಣಿಸುವ ಕಾರ್ಯ ಇದೇ.

ಆ ತಂತಿ ಆಳುವವರ ಅನುಕೂಲಕ್ಕಾಗಿಯೇ ಹುಟ್ಟಿತೆಂಬುದನ್ನು ಮರೆಯಲಾಗದು. 1857ರ ದಂಗೆಯಲ್ಲಿ ಅದು ಕಂಪನಿಗೆ ಮಹದುಪಕಾರ ಮಾಡಿತು. ನಮ್ಮ ದೇವದುರ್ಗಕ್ಕೆ ನೆರೆಯ ಸುರಪುರದ ರಾಜಾ ವೆಂಕಟಪ್ಪನಾಯಕನು 1858ರಲ್ಲಿ ಸೋತು ಸೆರೆಯಾದ ಕಾಲವೂ ಅದೇ.

2013ರ ಜುಲೈಯಲ್ಲಿ ಭಾರತದ ತಂತಿಸೇವೆ ಕೊನೆಗೊಂಡಿತು. ಇಂದು ಗಾಜಿನ ಎಳೆಯೊಳಗೆ ಬೆಳಕಿನ ರೂಪದಲ್ಲಿ ಓಡುವ ಇಂಟರ್‌ನೆಟ್ ಸುದ್ದಿಯೂ ಚೂರುಚೂರಾಗಿ ಹೋಗುತ್ತದೆ; ಅತ್ತಣ ಯಂತ್ರವು ಮುಟ್ಟಿತೆಂದು ಉತ್ತರ ಕಳುಹುತ್ತದೆ. ಒಂದೊಂದು ಚೂರಿಗೂ ಉತ್ತರ ಬರುವತನಕ ಕಾದರೆ, ದಾರಿ ಎಷ್ಟು ವೇಗದ್ದಾದರೂ ಬಹುಪಾಲು ಬರಿದಾಗಿರುತ್ತದೆ. ಆದುದರಿಂದ ಉತ್ತರ ಬರುವುದಕ್ಕೆ ಮೊದಲೇ ಎಷ್ಟನ್ನು ದಾರಿಗೆ ಬಿಡಬಹುದೆಂಬ ನಿಯಮವನ್ನು ವಿಜ್ಞಾನಿಗಳು ತಿದ್ದುತ್ತ ಬಂದಿದ್ದಾರೆ. ಠಾಣೆಠಾಣೆಗೆ ನಿಲ್ಲುತ್ತಿದ್ದ ಸುದ್ದಿಯ ತೊಡಕೂ ಇದರ ಬಳಗದ್ದೇ.

1856ರಲ್ಲಿ ಸರ್ ಪದವಿ ಪಡೆದ ಓಶಾನೆಸ್ಸಿಯವರು 1861ರಲ್ಲಿ ಬ್ರೂಕ್ ಎಂಬ ಹೆಸರನ್ನು ಧರಿಸಿದರು. 1889ರ ಜನವರಿಯಲ್ಲಿ ಇಂಗ್ಲೆಂಡಿನ ಸೌತ್‌ಸೀಯಲ್ಲಿ ಆ ಹೊಸ ಹೆಸರಿನಲ್ಲೇ ಕಾಲವಾದರು.