ಒಡವೆ ಅಡವಿಟ್ಟು ಮಕ್ಕಳನ್ನು ಓದಿಸಿದ ಬೀ ಅಮ್ಮಾ

ಮೌಲಾನಾ ಮುಹಮ್ಮದಲಿ, ಮೌಲಾನಾ ಶೌಕತ್ ಅಲಿ. ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಅಲಿ ಸಹೋದರರು ಅಂತ ಎರಡು ಸಾಲಿನಲ್ಲಿ ಬಂದು ಹೋಗುವ ಹೆಸರುಗಳು. ಅವರ ತಾಯಿಯ ಹೆಸರು ಆ ಎರಡು ಸಾಲಿನಲ್ಲೂ ಇರುವುದಿಲ್ಲ. ಆಬಾದಿ ಬಾನು ಬೇಗಂ ಎಂಬ ಆ ತಾಯಿಯನ್ನು ಒಂದು ಕಾಲದಲ್ಲಿ ಇಡೀ ಉತ್ತರ ಭಾರತ ಬೀ ಅಮ್ಮಾ ಎಂದೇ ಕರೆಯುತ್ತಿತ್ತು. ನಮ್ಮ ಮನೆಗಳಲ್ಲಿ ಉಮ್ಮ ಎಂದು ಕರೆಯುವ ಹಾಗೆ, ಗಾಂಧೀಜಿಯವರೂ ಹಾಗೇ ಕರೆಯುತ್ತಿದ್ದರು.

ಬೀ ಅಮ್ಮಾ ಹುಟ್ಟಿದ್ದು 1850ರ ಸುಮಾರಿಗೆ, ಉತ್ತರ ಪ್ರದೇಶದ ಅಮ್ರೋಹಾದಲ್ಲಿ. 1857ರ ದಂಗೆ ನಡೆದಾಗ ಇನ್ನೂ ಪುಟ್ಟ ಹುಡುಗಿ. ದಂಗೆ ಅಡಗಿದ ಮೇಲೆ ಇಂಗ್ಲಿಷರು ತೀರಿಸಿಕೊಂಡ ಸೇಡಿನ ಬಿಸಿ ಅವರ ಕುಟುಂಬಕ್ಕೂ ತಟ್ಟಿತ್ತು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮದುವೆಯಾಗಿ ಹೋದದ್ದು ರಾಂಪುರಕ್ಕೆ, ಅಲ್ಲಿನ ನವಾಬರ ಸಂಸ್ಥಾನದಲ್ಲಿ ಕೆಲಸದಲ್ಲಿದ್ದ ಅಬ್ದುಲ್ ಅಲಿ ಖಾನ್ ಅವರ ಮನೆಗೆ. ಐದು ಗಂಡು, ಒಂದು ಹೆಣ್ಣು ಮಕ್ಕಳಾದವು. ಹೀಗಿರುವಾಗ ಕಾಲರಾ ಬಂದು ಗಂಡ ತೀರಿಕೊಂಡರು. ಕಡೆಯ ಮಗ ಮುಹಮ್ಮದಲಿಗೆ ಆಗ ಸುಮಾರು ಎರಡು ವರ್ಷ. ತಾಯಿಗೆ ಮೂವತ್ತರ ಆಸುಪಾಸು ಅಷ್ಟೆ.

ಇನ್ನೊಂದು ನಿಕಾಹ್ ಆಗು ಅಂತ ಹೇಳಿದವರು ಇದ್ದರು. ಅವರು ಒಪ್ಪಲಿಲ್ಲ. ನೋಡಿಕೊಳ್ಳುವುದಕ್ಕೆ ತನಗೀಗ ಐವರು ಗಂಡಂದಿರೂ ಒಬ್ಬಳು ಹೆಂಡತಿಯೂ ಇದ್ದಾರಲ್ಲ ಎಂದು ತಮಾಷೆ ಮಾಡಿ, ಕೇಳಿದವರ ಬಾಯಿ ಮುಚ್ಚಿಸುತ್ತಿದ್ದರಂತೆ. ಗಂಡ ಬಿಟ್ಟು ಹೋದದ್ದರಲ್ಲಿ ಆಸ್ತಿಯ ಜೊತೆ ಸಾಲವೂ ಇತ್ತು. ಆಸ್ತಿಯ ಉಸ್ತುವಾರಿ ಮಕ್ಕಳ ಚಿಕ್ಕಪ್ಪನ ಕೈಯಲ್ಲಿತ್ತು.

ಸಮಸ್ಯೆ ಶುರುವಾದದ್ದು ಮಕ್ಕಳ ಓದಿನ ವಿಷಯದಲ್ಲಿ. ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಸರ್ ಸಯ್ಯದ್ ಅಹ್ಮದ್ ಖಾನ್ 1875ರಲ್ಲಿ ಅಲಿಘರ್‌ನಲ್ಲಿ ಶಾಲೆ ಶುರು ಮಾಡಿ ಕೆಲವೇ ವರ್ಷ ಆಗಿತ್ತು. ಅವರ ಮೇಲೆ ಕುಫ್ರ್‌ನ ಫತ್ವಾಗಳು ಬಂದಿದ್ದವು. ಇಂಗ್ಲಿಷ್ ಶಾಲೆಗೆ ಹೋದ ಹುಡುಗ ದೀನ್ ಬಿಟ್ಟ ಹಾಗೇ ಎಂದು ಒಳ್ಳೊಳ್ಳೆಯ ಮನೆತನದವರೇ ನಂಬಿದ್ದರು. ಮಕ್ಕಳನ್ನು ಅರುವತ್ತು ಕಿಲೋಮೀಟರ್ ದೂರದ ಬರೇಲಿಯ ಇಂಗ್ಲಿಷ್ ಶಾಲೆಗೆ ಕಳಿಸುತ್ತೇನೆ ಎಂದು ಈ ವಿಧವೆ ಹೇಳಿದಾಗ ಚಿಕ್ಕಪ್ಪ ಖರ್ಚು ಕೊಡಲು ಒಪ್ಪಲಿಲ್ಲ. ಅವರು ಕೆಟ್ಟವರಲ್ಲ. ಮಕ್ಕಳು ಕೈತಪ್ಪಿ ಹೋದಾರು ಎಂಬ ಭಯ ನಿಜವಾದ ಭಯವೇ ಆಗಿತ್ತು.

ಬೀ ಅಮ್ಮಾ ಜಗಳಕ್ಕೆ ನಿಲ್ಲಲಿಲ್ಲ. ಮನೆಯ ಕೆಲಸದಾಕೆಯ ಕೈಯಲ್ಲಿ ಗುಟ್ಟಾಗಿ ತನ್ನ ಒಡವೆ ಕಳಿಸಿ ಅಡವಿಟ್ಟರು. ಆ ದುಡ್ಡಿನಲ್ಲಿ ಮಗ ಬರೇಲಿಗೆ ಹೋದ. ಪರ್ದಾದಿಂದ ಹೊರಗೆ ಬಾರದ ಹೆಂಗಸು, ಓದು ಬರಹ ಹೆಚ್ಚು ಬಾರದವರು, ಫೀಸು ಎಷ್ಟು, ಪುಸ್ತಕಕ್ಕೆ ಎಷ್ಟು ಎಂದು ಒಳಗೆ ಕೂತೇ ಲೆಕ್ಕ ಹಾಕಿದರು. ಚಿನ್ನ ಅಡವಿಡುವುದು ನಮಗೇನು ಹೊಸತಲ್ಲ. ಮಗಳ ಮದುವೆಗೆ ಇಟ್ಟಿದ್ದೇವೆ, ಗಲ್ಫಿನ ವೀಸಾಕ್ಕೆ ಇಟ್ಟಿದ್ದೇವೆ, ಮನೆಯ ಸ್ಲ್ಯಾಬ್ ಹಾಕುವಾಗ ಇಟ್ಟಿದ್ದೇವೆ. ಮಗನ ಶಾಲೆಗೆ, ಅದೂ ಮನೆಯವರಿಗೆ ಇಷ್ಟವಿಲ್ಲದ ಶಾಲೆಗೆ, ಸುಮಾರು ನೂರ ನಲವತ್ತು ವರ್ಷದ ಹಿಂದೆ ಇಡುವುದು ಬೇರೆಯೇ ಮಾತು.

ಒಂದನ್ನು ಹೇಳಲೇಬೇಕು. ದೀನ್ ಕಲಿಸುವುದನ್ನು ಅವರು ಶಾಲೆಗೆ ಬಿಟ್ಟುಬಿಡಲಿಲ್ಲ. ನಮಾಝ್, ಕುರ್‌ಆನ್ ಮನೆಯಲ್ಲೇ ನಡೆಯಿತು. ಚಿಕ್ಕಪ್ಪನ ಭಯ ಸುಳ್ಳಾದದ್ದು ಅದರಿಂದ.

ಬರೇಲಿಯಿಂದ ಹುಡುಗರು ಅಲಿಘರ್‌ಗೆ ಹೋದರು. ಶೌಕತ್ ಅಲಿ ಓದಿಗಿಂತ ಕ್ರಿಕೆಟ್‌ನಲ್ಲಿ ಹೆಸರಾದರು, ಕಾಲೇಜು ತಂಡದ ಕ್ಯಾಪ್ಟನ್ ಆದರು, ಆಮೇಲೆ ಸರಕಾರದ ಅಫೀಮು ಇಲಾಖೆಯಲ್ಲಿ ಕೆಲಸ ಹಿಡಿದರು. ತಮ್ಮನನ್ನು ಆಕ್ಸ್‌ಫರ್ಡ್‌ಗೆ ಕಳಿಸುವ ದುಡ್ಡು ಹೊಂದಿಸಿದ್ದು ಅವರೇ. ಮುಹಮ್ಮದಲಿ 1898ರಲ್ಲಿ ಹೋಗಿ ಚರಿತ್ರೆ ಓದಿದರು. ಐಸಿಎಸ್ ಪರೀಕ್ಷೆಯಲ್ಲಿ ಫೇಲಾದರು. ಪಾಸಾಗಿದ್ದರೆ ಎಲ್ಲೋ ಒಂದು ಜಿಲ್ಲೆಯ ಕಲೆಕ್ಟರ್ ಆಗಿ ಪೆನ್ಶನ್ ತೆಗೆದುಕೊಳ್ಳುತ್ತಿದ್ದರು, ನಾವು ಇವತ್ತು ಅವರ ಹೆಸರು ಕೇಳುತ್ತಿರಲಿಲ್ಲ. ರಾಂಪುರ, ಬರೋಡಾಗಳಲ್ಲಿ ನೌಕರಿ ಮಾಡಿ ಬಿಟ್ಟು, 1911ರಲ್ಲಿ ಕಲ್ಕತ್ತದಿಂದ ಕಾಮ್ರೇಡ್ ಎಂಬ ಇಂಗ್ಲಿಷ್ ವಾರಪತ್ರಿಕೆ ತಂದರು. ಆಮೇಲೆ ದೆಹಲಿಯಿಂದ ಉರ್ದುವಿನ ಹಮ್‌ದರ್ದ್. ತಾಯಿ ಅಡವಿಟ್ಟ ಒಡವೆಯಿಂದ ಕಲಿತ ಇಂಗ್ಲಿಷ್ ಈಗ ಇಂಗ್ಲಿಷರಿಗೇ ಚುಚ್ಚತೊಡಗಿತು.

1914ರಲ್ಲಿ ಮಹಾಯುದ್ಧ ಬಂತು, ತುರ್ಕಿ ಬ್ರಿಟಿಷರ ಎದುರು ಪಕ್ಷದಲ್ಲಿ ನಿಂತಿತು. ಕಾಮ್ರೇಡ್ ಬಂದ್ ಆಯಿತು. 1915ರಲ್ಲಿ ಅಣ್ಣ ತಮ್ಮ ಇಬ್ಬರನ್ನೂ ವಿಚಾರಣೆಯಿಲ್ಲದೆ ನಿರ್ಬಂಧದಲ್ಲಿಟ್ಟರು. ಊರಿಂದ ಊರಿಗೆ ಸಾಗಿಸಿ, ಈಗಿನ ಮಧ್ಯಪ್ರದೇಶದ ಛಿಂದ್ವಾಡಾ ಎಂಬಲ್ಲಿ ವರ್ಷಗಟ್ಟಲೆ ಇರಿಸಿದರು. ಅರುವತ್ತು ದಾಟಿದ ತಾಯಿಯೂ ಅಲ್ಲಿ ಮಕ್ಕಳ ಜೊತೆ ಉಳಿದರು.

ಅಲ್ಲಿಗೇ 1917ರಲ್ಲಿ ಸರಕಾರದ ಕಡೆಯಿಂದ ಒಬ್ಬ ಪೊಲೀಸ್ ಅಧಿಕಾರಿ ಒಂದು ಕಾಗದ ಹಿಡಿದು ಬಂದರು. ಯುದ್ಧ ಮುಗಿಯುವವರೆಗೆ ಸರಕಾರದ ಶತ್ರುಗಳಿಗೆ ನೆರವಾಗುವಂಥದ್ದು ಏನನ್ನೂ ಮಾಡುವುದಿಲ್ಲ ಎಂದು ಸಹಿ ಹಾಕಿದರೆ ಬಿಡುಗಡೆ. ಮಕ್ಕಳು ಏನು ಹೇಳುತ್ತಾರೋ, ಅಷ್ಟರಲ್ಲಿ ಪರ್ದಾದ ಹಿಂದಿನಿಂದ ಮುದುಕಿಯ ಸ್ವರ ಬಂತು. ಧರ್ಮಕ್ಕೂ ದೇಶಕ್ಕೂ ಒಪ್ಪದ ಕಾಗದಕ್ಕೆ ಮಕ್ಕಳೇನಾದರೂ ಸಹಿ ಹಾಕಿದರೆ, ಅವರ ಕತ್ತು ಹಿಸುಕುವಷ್ಟು ಬಲವನ್ನು ಅಲ್ಲಾಹನು ತನ್ನ ಈ ನಡುಗುವ ಕೈಗಳಿಗೆ ಕೊಟ್ಟಾನು ಎಂಬ ಅರ್ಥದ ಮಾತು ಅದು. ಅಧಿಕಾರಿ ಬಂದ ದಾರಿಗೆ ಸುಂಕವಿಲ್ಲದೆ ಹೋದರು. ಮಕ್ಕಳು ಇನ್ನೂ ಎರಡು ವರ್ಷ ಒಳಗೇ ಉಳಿದರು. ಈ ಮಾತನ್ನು ಸಿಟ್ಟಿನ ಮಾತು ಅಂತ ಓದಬಾರದು. ಹೊಟ್ಟೆ ಕಟ್ಟಿ ಓದಿಸಿದ ಮಕ್ಕಳು ಮನೆಗೆ ಬರಲಿ ಎಂದು ಯಾವ ತಾಯಿಗೆ ಆಸೆ ಇರುವುದಿಲ್ಲ?

ಅದೇ ವರ್ಷ ಡಿಸೆಂಬರಿನಲ್ಲಿ ಮುಸ್ಲಿಂ ಲೀಗ್ ಕಲ್ಕತ್ತ ಅಧಿವೇಶನಕ್ಕೆ ಮುಹಮ್ಮದಲಿಯನ್ನು ಅಧ್ಯಕ್ಷರಾಗಿ ಆರಿಸಿತು. ಅಧ್ಯಕ್ಷರು ಸೆರೆಯಲ್ಲಿ, ಕುರ್ಚಿ ಖಾಲಿ. ಬೀ ಅಮ್ಮಾ ಬುರ್ಖಾ ಧರಿಸಿ ಹೋಗಿ ಸಭೆಯಲ್ಲಿ ಮಾತಾಡಿದರು. ಅಷ್ಟು ದೊಡ್ಡ ರಾಜಕೀಯ ಸಭೆಯಲ್ಲಿ ಬುರ್ಖಾದ ಹೆಂಗಸೊಬ್ಬರು ಮಾತಾಡುವುದನ್ನು ಅಲ್ಲಿದ್ದ ಹೆಚ್ಚಿನವರು ಕಂಡಿರಲಿಲ್ಲ.

1919ರ ಕೊನೆಗೆ ಬಿಡುಗಡೆಯಾಯಿತು. ಖಿಲಾಫತ್ ಮತ್ತು ಅಸಹಕಾರ ಒಟ್ಟಿಗೆ ಹೊರಟವು. ಇಲ್ಲಿ ನಮ್ಮ ಊರಿನ ಮಾತೂ ಬರುತ್ತದೆ. 1920ರ ಆಗಸ್ಟ್ 19ರಂದು ಗಾಂಧೀಜಿ ಮೊದಲ ಸಲ ಮಂಗಳೂರಿಗೆ ಬಂದಾಗ ಜೊತೆಯಲ್ಲಿದ್ದವರು ಶೌಕತ್ ಅಲಿ. ಹಿಂದಿನ ದಿನ ಕಲ್ಲಿಕೋಟೆಯಲ್ಲಿ ಭಾಷಣ ಮುಗಿಸಿ ಬಂದಿದ್ದರು. ಬರೇಲಿ ಶಾಲೆಯ ಆ ಹುಡುಗ ನಮ್ಮ ಕರಾವಳಿಯಲ್ಲಿ ನಿಂತು ಮಾತಾಡಿದ್ದು ಹೀಗೆ.

ಮುಂದಿನ ವರ್ಷ ಮತ್ತೆ ಸೆರೆ. ಬ್ರಿಟಿಷ್ ಸೈನ್ಯದಲ್ಲಿರುವುದು ಮುಸ್ಲಿಮರಿಗೆ ಹರಾಮ್ ಎಂದು ಕರಾಚಿಯ ಖಿಲಾಫತ್ ಸಮ್ಮೇಳನದಲ್ಲಿ ನಿರ್ಣಯ ಮಾಡಿದ್ದಕ್ಕೆ ಕೇಸು ಬಿತ್ತು. ಆರೋಪಿಗಳ ಸಾಲಿನಲ್ಲಿ ಮೌಲಾನಾ ಹುಸೈನ್ ಅಹ್ಮದ್ ಮದನಿ, ಡಾ. ಕಿಚ್ಲೂ ಇದ್ದರು, ಒಬ್ಬ ಶಂಕರಾಚಾರ್ಯ ಸ್ವಾಮೀಜಿಯೂ ಇದ್ದರು. ಸ್ವಾಮೀಜಿ ಖುಲಾಸೆಯಾದರು, ಅಲಿ ಸಹೋದರರಿಗೆ 1921ರ ನವೆಂಬರ್ 1ರಂದು ಎರಡು ವರ್ಷ ಕಠಿಣ ಶಿಕ್ಷೆ.

ಈಗ ಮಕ್ಕಳ ಕೆಲಸ ತಾಯಿಯ ಹೆಗಲಿಗೆ ಬಂತು. ಎಪ್ಪತ್ತರ ಮುದುಕಿ, ಮುಹಮ್ಮದಲಿಯ ಹೆಂಡತಿ ಅಮ್ಜದಿ ಬೇಗಂ ಜೊತೆ ರೈಲು ಹತ್ತಿ ಊರೂರು ತಿರುಗಿದರು. ಖಾದಿ ಉಡಲು ಹೇಳಿದರು, ಹಿಂದೂ ಮುಸ್ಲಿಮರು ಒಂದಾಗಿರಲು ಹೇಳಿದರು, ನಿಧಿ ಸಂಗ್ರಹಿಸಿದರು. ಹೆಂಗಸರು ಮೈಮೇಲಿನ ಒಡವೆ ಬಿಚ್ಚಿ ಕೊಡುತ್ತಿದ್ದ ಕಾಲ ಅದು. ಪಂಜಾಬಿನ ಒಂದು ಸಭೆಯಲ್ಲಿ ಅವರು ಮುಖದ ಮುಸುಕು ಎತ್ತಿದರು. ಎದುರು ಕೂತವರೆಲ್ಲ ತನ್ನ ಮಕ್ಕಳೇ, ಮಕ್ಕಳ ಮುಂದೆ ಎಂಥ ಪರ್ದಾ ಎಂಬುದು ಅವರ ಕಾರಣ. ಇದರ ಬಗ್ಗೆ ಇಂದಿಗೂ ಎರಡೂ ಕಡೆಯಿಂದ ವಾದ ಮಾಡುವವರಿದ್ದಾರೆ. ಅವರು ವಾದ ಮಾಡಲು ಅದನ್ನು ಮಾಡಿದವರಲ್ಲ ಎಂದಷ್ಟೇ ನನ್ನ ಅಭಿಪ್ರಾಯ. ಮಗನಿಗೆ ಪ್ರಾಣ ಕೊಡಲು ಹೇಳುವ ತಾಯಿಯ ಬಗ್ಗೆ ಕಟ್ಟಿದ ಹಾಡೊಂದು ಆಗ ಬೀದಿ ಬೀದಿಯಲ್ಲಿ ಕೇಳುತ್ತಿತ್ತು.

1923ರಲ್ಲಿ ಮಕ್ಕಳು ಹೊರಗೆ ಬಂದರು. ಆ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಮುಹಮ್ಮದಲಿ ಕಾಂಗ್ರೆಸ್ ಅಧ್ಯಕ್ಷರಾದರು. ಆದರೆ 1924ರ ಮಾರ್ಚಿನಲ್ಲಿ ಖಿಲಾಫತ್ತನ್ನು ತುರ್ಕಿಯವರೇ ರದ್ದು ಮಾಡಿದರು. ಊರುಗಳಲ್ಲಿ ಹಿಂದೂ ಮುಸ್ಲಿಂ ಗಲಭೆಗಳು ಎದ್ದವು. ಸೆಪ್ಟೆಂಬರಿನಲ್ಲಿ ಗಾಂಧೀಜಿ 21 ದಿನದ ಉಪವಾಸ ಶುರು ಮಾಡಿದ್ದು ದೆಹಲಿಯ ಮುಹಮ್ಮದಲಿಯ ಮನೆಯಲ್ಲೇ. ಬೀ ಅಮ್ಮಾ ಆಗಲೇ ಕಾಯಿಲೆಯಲ್ಲಿದ್ದರು. ಜೀವಮಾನದ ದುಡಿಮೆ ಕಣ್ಣೆದುರೇ ಬಿರುಕು ಬಿಡುತ್ತಿರುವಾಗ, 1924ರ ನವೆಂಬರ್ 13ರಂದು ಅವರು ವಫಾತ್ ಆದರು. ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಅವರ ಬಗ್ಗೆ ಬರೆದರು.

ಒಡವೆಯ ಕಥೆ ನಮಗೆ ಸಿಕ್ಕಿದ್ದು ಮಗನಿಂದ. ಕರಾಚಿ ಕೇಸಿನ ಸೆರೆವಾಸದಲ್ಲಿ ಮುಹಮ್ಮದಲಿ ತನ್ನ ಬದುಕಿನ ಬಗ್ಗೆ ಬರೆಯಲು ಕೂತರು. ಆ ಸೆರೆಯ ಒಂದಷ್ಟು ಕಾಲವನ್ನು ಅವರು ಕಳೆದದ್ದು ನಮ್ಮ ಬಿಜಾಪುರದ ಜೈಲಿನಲ್ಲಿ. ತಾಯಿಯ ಬಗ್ಗೆ, ಬರೇಲಿಯ ಶಾಲೆಯ ಬಗ್ಗೆ ಅದರಲ್ಲಿ ಬರೆದರು, ಪುಸ್ತಕ ಪೂರ್ತಿಯಾಗಲಿಲ್ಲ. ಅವರು 1931ರ ಜನವರಿ 4ರಂದು ಲಂಡನ್‌ನಲ್ಲಿ ತೀರಿಕೊಂಡರು, ಅವರ ಖಬರ್ ಇರುವುದು ಜೆರುಸಲೇಮಿನಲ್ಲಿ, ಮಸ್ಜಿದುಲ್ ಅಖ್ಸಾದ ಬಳಿ. ಅರ್ಧಕ್ಕೆ ನಿಂತ ಆ ಬರಹ ಅಚ್ಚಾದದ್ದು 1942ರಲ್ಲಿ.